ಮೀನಿನ ಉಂಡೆಗೆ ಗೋಧಿಯ ನಾರು

ಕೆರೆ, ಕೃಷಿ ಹೊಂಡಗಳಲ್ಲಿ ಗೆಂಡೆ ಮೀನು ಸಾಕುವ ರೈತರಿಗೆ ಒಂದು ತೊಂದರೆ ಗೊತ್ತೇ ಇದೆ. ದೊಡ್ಡ ಮೀನು ದಡದಲ್ಲಿಯೇ ಮಾರಿಹೋಗುತ್ತದೆ. ಸಣ್ಣದನ್ನು ಮುಳ್ಳು ಹೆಚ್ಚೆಂದು ಗಿರಾಕಿಗಳು ಬದಿಗೆ ಸರಿಸುತ್ತಾರೆ. ಇದರ ಮಾಂಸವನ್ನು ಮುಳ್ಳಿನಿಂದ ಬೇರ್ಪಡಿಸಿ ಉಂಡೆ, ಕಟ್ಲೆಟ್ ಮಾಡಬಹುದು. ಆದರೆ ಬೇಯಿಸುವಾಗ ಅವು ನೀರು ಬಿಟ್ಟು ಬಿರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಮೈದಾ ಹಾಕಿದರೆ ಉಂಡೆ ನಿಲ್ಲುತ್ತದೆ, ಮೀನಿನ ರುಚಿ ತಗ್ಗುತ್ತದೆ. ಹೆಪ್ಪುಗಟ್ಟಿಸಿ ಇಟ್ಟರೆ ಪಿಷ್ಟವು ಹಿಡಿದ ನೀರನ್ನು ಮರಳಿ ಬಿಡುತ್ತದೆ.

ಉಂಡೆಗೆ ಬಿಗಿ ಕೊಡುವುದು ಮೀನಿನ ಸಸಾರಜನಕ, ಮುಖ್ಯವಾಗಿ ಮಯೋಸಿನ್. ಶೇಕಡಾ 2ರಿಂದ 2.5ರಷ್ಟು ಉಪ್ಪು ಸೇರಿಸಿ ಅರೆದಾಗ ಇದು ಕರಗಿ ಅಂಟಾಗುತ್ತದೆ. ಕಾಯಿಸಿದಾಗ ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿಯುತ್ತದೆ. ಮೀನಿನಲ್ಲಿ ನಾರಿನಂಶ ಇಲ್ಲವೇ ಇಲ್ಲ. ನುಣ್ಣನೆಯ ಗೋಧಿ ನಾರನ್ನು ಬೆರೆಸಿದರೆ ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಬಲೆಯ ಕಣ್ಣುಗಳಲ್ಲಿ ಕೂರುತ್ತದೆ. ಬೇಯುವಾಗ, ಕರಿಯುವಾಗ ತೂಕ ಕಡಿಮೆ ನಷ್ಟವಾಗುತ್ತದೆ.

ಹಾಗೆಂದು ಹೆಚ್ಚು ಹಾಕಬಾರದು. ಯೂರಿಯ ಸುರಿದಷ್ಟೂ ಬೆಳೆ ಎಂದು ನಂಬಿದವರಿಗೆ ನಾವು ಹೇಳುವ ಮಾತೇ ಇಲ್ಲಿಯೂ ಸಲ್ಲುತ್ತದೆ. ಕಿಲೋ ಮಾಂಸಕ್ಕೆ 20ರಿಂದ 30 ಗ್ರಾಂ ಸಾಕು. ಅದರ ಇಮ್ಮಡಿಯಾದರೆ ನಾರಿನ ಕಣಗಳು ಸಸಾರಜನಕದ ಬಲೆಯನ್ನೇ ತುಂಡರಿಸಿ, ಉಂಡೆ ಪುಡಿಪುಡಿಯಾಗಿ ಬಾಯಿಗೆ ಒರಟಾಗುತ್ತದೆ. ಕಣ ದಪ್ಪವಿದ್ದಷ್ಟೂ ಒರಟುತನ ಎದ್ದು ಕಾಣುತ್ತದೆ.

ನಾರೆಂದರೆ ಮನೆಯ ಬೂಸಾ ಸಾಲದೇ ಎಂದು ರೈತರು ಕೇಳಬಹುದು. ಬೂಸಾದಲ್ಲಿ ನಾರಿನ ಜೊತೆ ಪಿಷ್ಟವೂ ಸಸಾರಜನಕವೂ ಇರುತ್ತವೆ. ದನಕ್ಕೆಂದು ಮಾರುವುದರಲ್ಲಿ ಮಣ್ಣು, ಕಸವೂ ಉಂಟು. ಅಕ್ಕಿ ತೌಡಂತೂ ಬೇಡ. ಅದರಲ್ಲಿ ಸುಮಾರು ಶೇಕಡಾ 15ರಿಂದ 20 ಎಣ್ಣೆ ಇದ್ದು, ಗಿರಣಿಯಿಂದ ಬಂದ ಕೂಡಲೇ ಶಾಖ ಕೊಟ್ಟು ಸ್ಥಿರಪಡಿಸದಿದ್ದರೆ ಬೇಗನೆ ಕಮಟು ಹಿಡಿಯುತ್ತದೆ. ಮೀನಿನ ಕೊಬ್ಬಿನ ವಾಸನೆಗೆ ಇದೂ ಸೇರಿದರೆ ತಿನ್ನುವವರಾರು? ಆಹಾರಕ್ಕೆಂದೇ ತಯಾರಿಸಿದ, ವಾಸನೆ ರುಚಿ ಇಲ್ಲದ ಬಿಳಿ ಗೋಧಿ ನಾರನ್ನೇ ಕೊಳ್ಳುವುದು ಲೇಸು.

ಮೀನು ಹಿಡಿದ ತಕ್ಷಣ ಮಂಜುಗಡ್ಡೆಯಲ್ಲಿಡಬೇಕು. ಹಳಸಲು ಮೀನನ್ನು ಯಾವ ನಾರೂ ಬಿಗಿಗೊಳಿಸಲಾರದು. ಮಾಂಸವನ್ನು ತಣ್ಣೀರಿನಲ್ಲಿ ತೊಳೆದು ಹಿಂಡಿ, ಮೊದಲು ಉಪ್ಪು ಹಾಕಿ ಅಂಟು ಬರುವವರೆಗೆ ಅರೆಯಿರಿ. ಆನಂತರವೇ ಮಂಜುನೀರಿನಲ್ಲಿ ನೆನೆಸಿದ ನಾರನ್ನು ಕೂಡಿಸಿ. ಈ ಹಂತದವರೆಗೆ ಮಾಂಸದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಉಂಡೆಗಳನ್ನು 40 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ನೇರವಾಗಿ 90 ಡಿಗ್ರಿ ನೀರಿಗೆ ಹಾಕಿ 20 ನಿಮಿಷ ಬೇಯಿಸಬೇಕು. ನಡುವೆ 60 ಡಿಗ್ರಿಯ ಆಸುಪಾಸಿನಲ್ಲಿ ತಡೆದರೆ ಕೂಡಿಕೊಂಡ ಬಿಗಿ ಸಡಿಲವಾಗುತ್ತದೆ.

ಆರಿದ ಮೇಲೆ ಒಂದು ಉಂಡೆಯಿಂದ 3 ಮಿಲಿಮೀಟರ್ ದಪ್ಪದ ಬಿಲ್ಲೆ ಕೊಯ್ದು ಮಡಚಿ ನೋಡಿ. ನಾಲ್ಕು ಮಡಿಕೆಗೂ ಬಿರಿಯದಿದ್ದರೆ ಉತ್ತಮ. ಎರಡು ಮಡಿಕೆಗೇ ಸೀಳಿದರೆ ಮುಂದಿನ ಸಲ ನಾರನ್ನು ಕಿಲೋಗೆ 10 ಗ್ರಾಂ ತಗ್ಗಿಸಿ ನೋಡಿರಿ.