ಹೆಸರಿಲ್ಲದ ಆಯುಧ, ಮಾಡಿದವರು ಯಾರು?

ಹಳೆಯ ಆಯುಧವೊಂದು ಕೈಗೆ ಸಿಕ್ಕಾಗ ಮೊದಲು ಏಳುವ ಪ್ರಶ್ನೆ, ಇದನ್ನು ಮಾಡಿದವರು ಯಾರು ಎಂಬುದು. ಮೇಲೆ ಹೆಸರು ಕೊರೆದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹೆಸರೇ ಇಲ್ಲದಿದ್ದರೆ? ಆಗ ಕಬ್ಬಿಣವನ್ನೇ ಮಾತನಾಡಿಸಬೇಕು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯೊಂದು ಇಂಥದೇ ಒಗಟನ್ನು ಮುಂದಿಟ್ಟಿತ್ತು.

2002ರಲ್ಲಿ ಆ ಬಾವಿಯಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಮೊದಮೊದಲು ಅವನ್ನು ಫಿರಂಗಿಯ ಶೆಲ್‌ಗಳೆಂದೇ ತಿಳಿಯಲಾಗಿತ್ತು. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಅವು ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿದ್ದವು. ಅವು ಶೆಲ್‌ಗಳಲ್ಲ, ಮೈಸೂರಿನ ಯುದ್ಧ ರಾಕೆಟ್‌ಗಳು ಎಂಬುದು ಗೊತ್ತಾದದ್ದು ಆಮೇಲೆ.

ಬಾವಿಯ ಕೆಸರಿಗೆ ಮದ್ದಿನ ವಾಸನೆ ಇದ್ದುದರಿಂದ 2018ರಲ್ಲಿ ಪುರಾತತ್ವ ಇಲಾಖೆ ಮತ್ತೆ ಅಗೆಯಲು ಮುಂದಾಯಿತು. 15 ಜನರ ತಂಡ ಮೂರು ದಿನ ದುಡಿಯಿತು. ಹೊರಬಂದದ್ದು ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು! ಇಲಾಖೆಯ ಸಹಾಯಕ ನಿರ್ದೇಶಕ ಆರ್. ಶೇಜೇಶ್ವರ ನಾಯಕ ಅವರು ಈ ಸುದ್ದಿಯನ್ನು ಪ್ರಕಟಿಸಿದಾಗ ನಗರದ ಹೆಸರು ಲೋಕಕ್ಕೆಲ್ಲ ಮುಟ್ಟಿತು.

ಗುರುತು ಹಿಡಿಯುವ ಬಗೆ

ಹೆಸರಿಲ್ಲದ ಆಯುಧವನ್ನು ಪತ್ತೆ ಮಾಡುವ ವಿದ್ಯೆ ಎಲ್ಲ ಕಡೆಯೂ ಒಂದೇ. ಜರ್ಮನಿಯ ಜೋಡಿ ಬಂದೂಕುಗಳನ್ನೇ ನೋಡಿ. ಒಂದು ನಳಿಗೆ ಚರೆಗೆ, ಇನ್ನೊಂದು ಗುಂಡಿಗೆ. ಮೂರು ನಳಿಗೆ ಇದ್ದರೆ ಅದು ‘ಡ್ರಿಲ್ಲಿಂಗ್’. ಝೂಲ್ ಪಟ್ಟಣದ ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗಿ ಅಂಗಡಿಯವರ ಹೆಸರಿನಲ್ಲಿ ಮಾರಾಟವಾದವು, ಹೆಸರೇ ಇಲ್ಲದೆ ಹೋದವು ಎಷ್ಟೋ. ಆದರೆ ನಳಿಗೆ ಬಿಚ್ಚಿ ಅಡಿಭಾಗ ನೋಡಿದರೆ ಸರ್ಕಾರಿ ಪರೀಕ್ಷೆಯ ಮುದ್ರೆಗಳಿರುತ್ತವೆ. 1891ರ ಕಾನೂನಿನಂತೆ ಕಿರೀಟದ ಕೆಳಗೊಂದು ಅಕ್ಷರ ಒತ್ತುತ್ತಿದ್ದರು. ಮುಂದೆ ತಿಂಗಳು, ವರ್ಷವನ್ನೂ ಒತ್ತಿದರು. 1128 ಎಂದಿದ್ದರೆ 1928ರ ನವೆಂಬರ್. ಪಕ್ಕದಲ್ಲಿ ನಳಿಗೆ ಮಾಡಿದವನ ಇನಿಷಿಯಲ್ ಇದ್ದರಂತೂ ಅರ್ಧ ಕೆಲಸ ಆದಂತೆಯೇ.

ಮೈಸೂರಿನ ಬಂದೂಕುಗಳ ವಿಷಯದಲ್ಲಿ ಈ ಕಷ್ಟ ಕಡಿಮೆ. ಟಿಪ್ಪುವಿನ ಉತ್ತಮ ಬಂದೂಕುಗಳ ಮೇಲೆ ‘ಹೈದರ್’ ಎಂಬ ಮುದ್ರೆ, ಹುಲಿಪಟ್ಟೆ, ಪಟ್ಟಣ ಅಥವಾ ನಗರ ಎಂಬ ಊರ ಹೆಸರು, ಸೈಯದ್ ಮಾಸೂಮ್‌ರಂಥ ಕುಶಲಕರ್ಮಿಯ ಹೆಸರು ಕೂಡ ಸಿಗುತ್ತವೆ. ಇಸವಿ ಮಾತ್ರ ಟಿಪ್ಪು ಬಳಕೆಗೆ ತಂದ ಮೌಲೂದಿ ಶಕೆಯದು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು!

ರಾಕೆಟ್‌ಗೆ ಅಂಥ ಅಲಂಕಾರವೇಕೆ? ಅದು ಒಮ್ಮೆ ಹಾರಿದರೆ ಮುಗಿಯಿತು. ಹಾಗಾಗಿ ನಗರದ ಕೊಳವೆಗಳನ್ನು ಗುರುತಿಸಲು ರೂಪವೇ ಆಧಾರ. ಆ ಕಾಲದ ಶೆಲ್ ದುಂಡಗಿನದು, ದಪ್ಪ ಎರಕದ್ದು. ಇವಾದರೋ ಒಂದು ಅಡಿಯ ಆಸುಪಾಸಿನ ಉದ್ದದ ಕೊಳವೆಗಳು. ಒಳಗೆ ಪೆಟ್ಲುಪ್ಪು, ಇದ್ದಿಲು ಸೇರಿದ ಮದ್ದು. ಇಂಥ ಕೊಳವೆಯನ್ನು ಬಿದಿರಿನ ಗಳಕ್ಕೆ ಬಿಗಿದು ಹಾರಿಸುತ್ತಿದ್ದರು. ಬಿದಿರು ಕೊಳೆತರೆ ಉಳಿಯುವುದು ಕಬ್ಬಿಣ ಮಾತ್ರ. ಯೂರೋಪಿನ ಅಂದಿನ ರಾಕೆಟ್‌ಗಳ ಕವಚ ಕಾಗದದ್ದು. ಕಬ್ಬಿಣದ ಕವಚ ಹೆಚ್ಚು ಒತ್ತಡ ತಾಳುತ್ತಿದ್ದುದರಿಂದ ಮೈಸೂರಿನ ರಾಕೆಟ್ ಹೆಚ್ಚು ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋದವು. ಕಾಂಗ್ರೀವ್‌ನ ರಾಕೆಟ್‌ಗೆ ಅವೇ ಮೂಲ.

ಅಪ್ಪನದೋ, ಮಗನದೋ?

ಇನ್ನು ಊರಿನ ಸಾಕ್ಷ್ಯ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿ ಗೆದ್ದದ್ದು 1763ರಲ್ಲಿ. ಅವನೇ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. 1783ರಲ್ಲಿ ಇಂಗ್ಲಿಷರು ಊರನ್ನು ಹಿಡಿದರು, ಟಿಪ್ಪು ಅದೇ ವರ್ಷ ಮರಳಿ ಪಡೆದ. ಅಂದರೆ ಈ ರಾಕೆಟ್‌ಗಳ ಕಾಲ 1763ರಿಂದ 1799ರ ಒಳಗೆ ಎಂದು ಹೇಳಬಹುದು. ಪತ್ರಿಕೆಗಳೇನೋ ‘ಟಿಪ್ಪುವಿನ ರಾಕೆಟ್’ ಎಂದೇ ಬರೆದವು. ಆದರೆ ಅಂಕಿತವಿಲ್ಲದ ಕಬ್ಬಿಣ ಅಪ್ಪನದೋ ಮಗನದೋ ಎಂದು ಬೇರ್ಪಡಿಸುವುದು ಸುಲಭವಲ್ಲ. ‘ಮೈಸೂರು ರಾಕೆಟ್’ ಎಂಬ ಹೆಸರೇ ಹೆಚ್ಚು ಪ್ರಾಮಾಣಿಕ. ಕುಲುಮೆಯ ಮುಂದೆ ಕುಳಿತು ತಗಡು ಸುತ್ತಿದ ಕಮ್ಮಾರನಿಗೂ, ಮದ್ದು ತುಂಬಿದ ಕೈಗಳಿಗೂ ಆ ಹೆಸರಿನಲ್ಲಿ ಪಾಲಿದೆ.

ಇಂಥ ವಸ್ತು ಮಣ್ಣಿನಲ್ಲಿ ಸಿಕ್ಕರೆ ಉಜ್ಜಿ ಹೊಳಪು ಕೊಡಲು ಹೋಗಬಾರದು. ಅಳಿದುಳಿದ ಗುರುತೂ ತುಕ್ಕಿನೊಡನೆ ಹೋದೀತು. ಒಳಗೆ ಮದ್ದಿದ್ದರೆ ಪ್ರಾಣಕ್ಕೂ ಅಪಾಯ. ನೆಲದಡಿ ಸಿಕ್ಕ ನಿಧಿಯ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಗುಜರಿಗೆ ಹಾಕಿದ್ದರೆ ನಗರದ ಬಾವಿಯ ಸಂಪತ್ತು ಕಿಲೋ ಲೆಕ್ಕದಲ್ಲಿ ಕರಗಿ ಹೋಗುತ್ತಿತ್ತು. ಹಾಗಾಗಲಿಲ್ಲ ಎಂಬುದೇ ಸಮಾಧಾನ.