ಹುಟ್ಟುಗುಣದ ಜತೆ ಬದುಕಲು ಕಲಿಯುವುದು

ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಡುವ ಮಗಳು. ಒಂದು ದಿನ ಅವಳ ಕೈಮೇಲಿನ ಗಾಯದ ಗುರುತುಗಳು ಅಮ್ಮನ ಕಣ್ಣಿಗೆ ಬೀಳುತ್ತವೆ. 'ನಿನಗೇನು ಕಡಿಮೆ ಮಾಡಿದ್ದೀವೇ?' ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. (ಹುಡುಗರಲ್ಲೂ ಇದುಂಟು, ಗಮನಕ್ಕೆ ಬರುವುದು ಕಡಿಮೆ.) ಆ ಮಾತನ್ನು ತುಸು ತಡೆಹಿಡಿದು, ಅಮೆರಿಕದ ಮಾರ್ಷಾ ಲೈನೆಹನ್ ಅವರ ಕಥೆ ಕೇಳಿ.

1961ರಲ್ಲಿ, 17ನೇ ವಯಸ್ಸಿನಲ್ಲಿ, ಆಕೆಯನ್ನು ಹಾರ್ಟ್‌ಫರ್ಡ್ ನಗರದ ಮನೋರೋಗ ಆಸ್ಪತ್ರೆಗೆ ಸೇರಿಸಲಾಯಿತು. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ಅಲ್ಲಿಯೂ ನಿಲ್ಲಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು ಹೊರಬಂದ ಆಕೆ, ಮುಂದೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕಿಯಾದರು. ತಮ್ಮಂತೆಯೇ ನರಳುವವರಿಗಾಗಿ ಡಿಬಿಟಿ ಎಂಬ ಚಿಕಿತ್ಸಾಕ್ರಮ ರೂಪಿಸಿದರು. ತಮ್ಮ ಹಳೆಯ ಕಥೆಯನ್ನು ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ಅದೇ ಆಸ್ಪತ್ರೆಯಲ್ಲಿ.

ಅವರ ವಾದ ಸರಳ. ಕೆಲವರು ಹುಟ್ಟಿನಿಂದಲೇ ಸೂಕ್ಷ್ಮ ಮನೋಧರ್ಮದವರು. ಬೇರೆಯವರು ಕೊಡವಿಕೊಂಡು ಹೋಗುವ ಮಾತು ಇವರನ್ನು ಚುಚ್ಚುತ್ತದೆ; ಉಕ್ಕಿದ ಸಂಕಟ ಬೇಗ ಇಳಿಯದು. ಅದು ಕೊಬ್ಬೂ ಅಲ್ಲ, ನಾಟಕವೂ ಅಲ್ಲ. 'ಇಷ್ಟಕ್ಕೆಲ್ಲ ಅಳ್ತಾರಾ?' ಎನ್ನುವ ಮನೆಯಲ್ಲಿ ಅಂಥ ಮಗು ತನ್ನ ನೋವನ್ನು ತಾನೇ ನಂಬದಂತಾಗುತ್ತದೆ. ಸಂಕಟದಿಂದ ಪಾರಾಗಲು ಬೇರೆ ದಾರಿ ತೋಚದೆ ಗಾಯ, ಬೆನ್ನಿಗೇ ನಾಚಿಕೆ, ಮತ್ತೆ ಸಂಕಟ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. ಹೋಗಬೇಕಾಗಿಯೂ ಇಲ್ಲ. ತಾಳಿಕೊಳ್ಳುವ ಉಪಾಯಗಳನ್ನು ಈಜಿನಂತೆ ಕಲಿಯಬಹುದು. ಮುಖಕ್ಕೆ ತಣ್ಣೀರು ಹಾಕಿಕೊಂಡರೆ ಎದೆಬಡಿತ ನಿಧಾನವಾಗುತ್ತದೆ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು, ಒಳಗಿರುವುದು ಸಿಟ್ಟೋ ಅವಮಾನವೋ ಭಯವೋ ಎಂದು ಹೆಸರಿಟ್ಟು ಹೇಳುವುದು, ನಂಬಿಕೆಯವರ ಬಳಿ ಹೋಗಿ ಸುಮ್ಮನೆ ಕೂರುವುದು. ಕೇಳಲು ಚಿಕ್ಕವು. ಆದರೆ ಮನಸ್ಸು ಶಾಂತವಾಗಿದ್ದಾಗಲೇ ರೂಢಿ ಮಾಡಿಕೊಂಡಿರಬೇಕು; ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಬರುವ ಪಾಠವಲ್ಲ ಇದು.

ಅಪ್ಪ ಅಮ್ಮಂದಿರಿಗೂ ಕಲಿಯುವುದಿದೆ. ಮಗು ಮಾಡಿದ್ದನ್ನು ಒಪ್ಪುವುದು ಬೇರೆ, ಅದರ ನೋವನ್ನು ಒಪ್ಪುವುದು ಬೇರೆ. 'ನಿನಗೆ ತುಂಬ ಕಷ್ಟ ಆಗಿರಬೇಕು ಕಣಮ್ಮ, ಹೇಳು' ಎಂದು ಹತ್ತಿರ ಕೂರಿ. ದೇವರ ಮುಂದೆ ಆಣೆ ಹಾಕಿಸಬೇಡಿ, ನೆಂಟರೆದುರು ಬಿಚ್ಚಿಡಬೇಡಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯ ಚಿಕ್ಕದಾಗಿದ್ದರೂ ಮನೋವೈದ್ಯರನ್ನು ಕಾಣುವುದು ಅಗತ್ಯ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ವಿದ್ಯಾರ್ಥಿಗಳು ತಾವೇ ಮಾಡಬಹುದು.