ನಿಮಗಿದು ಗೊತ್ತೇ? ಗುಂಡಲ್ಲದ ಚೆಂಡು, ಠರಾವಿನಲ್ಲಿ ಹುಟ್ಟಿದ ಸಂಘ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಲಾನ್ ಬೌಲ್ಸ್ ಆಡುವವರನ್ನು ನಾನಂತೂ ಕಂಡಿಲ್ಲ. ಆದರೆ ಆ ಆಟಕ್ಕೆ ಬೇಕಾದ ಅರ್ಧ ಕೆಲಸ ನಮ್ಮ ಮನೆಗಳಲ್ಲಿ ವರ್ಷ ವರ್ಷ ನಡೆಯುತ್ತದೆ, ಗೊತ್ತೇ? ಮಳೆ ಬಿಡುತ್ತಲೇ ಅಂಗಳದ ಪಾಚಿ ಕೆತ್ತಿ, ತಗ್ಗಿಗೆ ಮಣ್ಣು ತುಂಬಿ, ನೀರು ಹನಿಸಿ, ಹಲಗೆಯಲ್ಲಿ ಬಡಿದು, ಮೇಲೆ ಸಗಣಿ ಸಾರಿಸುತ್ತಾರೆ. ನೆಲ ಸರಿ ಬಂತೋ ಇಲ್ಲವೋ ಎಂದು ನೋಡಲು ಹಿರಿಯರು ಒಂದು ಗೋಟಡಿಕೆ ಉರುಳಿಸಿ, ಅದು ಯಾವ ಕಡೆ ವಾಲುತ್ತದೆಂದು ಕುಕ್ಕರಗಾಲಲ್ಲಿ ಕೂತು ನೋಡುವುದುಂಟು. ಲಾನ್ ಬೌಲ್ಸ್ ಎಂದರೂ ಹೆಚ್ಚುಕಡಿಮೆ ಇಷ್ಟೇ: ಉರುಳಿಸುವುದು, ನೋಡುವುದು, ನಿಟ್ಟುಸಿರು ಬಿಡುವುದು.

ಆಟದ ಚೆಂಡು ಪೂರ್ತಿ ಗುಂಡಗಿರುವುದಿಲ್ಲ! ಒಂದು ಮಗ್ಗುಲು ತುಸು ಚಪ್ಪಟೆ. ಹಾಗಾಗಿ ನೇರವಾಗಿ ಬಿಟ್ಟರೂ ವೇಗ ತಗ್ಗಿದಂತೆ ಒಂದು ಕಡೆಗೆ ಬಾಗುತ್ತ ಹೋಗುತ್ತದೆ. ದೂರದಲ್ಲಿರುವ ‘ಜ್ಯಾಕ್’ ಎಂಬ ಸಣ್ಣ ಚೆಂಡಿನ ಹತ್ತಿರ ಯಾರದು ನಿಲ್ಲುತ್ತದೋ ಅವರಿಗೆ ಅಂಕ. ಗುರಿಗೆ ನೇರ ಹೊಡೆದವನು ಸೋಲುತ್ತಾನೆ, ಸುತ್ತು ಹಾಕಿ ಬಂದವನು ಗೆಲ್ಲುತ್ತಾನೆ. ಘಟ್ಟದ ರಸ್ತೆಯಲ್ಲಿ ಓಡಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿರುವ ಹಳೆಯ ಬೌಲಿಂಗ್ ಅಂಗಳ ತನ್ನ ಹುಟ್ಟಿನ ವರ್ಷವನ್ನು 1299 ಎಂದು ಹೇಳಿಕೊಳ್ಳುತ್ತದೆ.

1541ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾಯ್ದೆಯೊಂದು ಕೂಲಿಕಾರರು, ಆಳುಗಳು, ಕಸುಬುದಾರರು ಈ ಆಟ ಆಡಕೂಡದೆಂದು ಕಟ್ಟಪ್ಪಣೆ ಮಾಡಿತು. ಕ್ರಿಸ್ಮಸ್ ಹಬ್ಬಕ್ಕೆ ಮಾತ್ರ ವಿನಾಯಿತಿ. ಕಾಯ್ದೆ ರದ್ದಾಗಲು 1845 ಬರಬೇಕಾಯಿತು. ಅದೇ 1845ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟಿನಲ್ಲಿ ಒಂದು ಹೋಟೆಲಿನ ಪಕ್ಕದ ಅಂಗಳದಲ್ಲಿ ಆ ದೇಶದ ಮೊದಲ ಬೌಲ್ಸ್ ಆಟ ನಡೆಯಿತು. ಮೆಲ್ಬರ್ನಿನಲ್ಲಿ ಕ್ಲಬ್ ಹುಟ್ಟಿದ್ದು 1864ರಲ್ಲಿ. ಅಲ್ಲಿಂದ ಮುಂದೆ ಆ ದೇಶದ ಸಣ್ಣಪುಟ್ಟ ಹಳ್ಳಿಪೇಟೆಗಳಲ್ಲೂ ಬೌಲ್ಸ್ ಕ್ಲಬ್ ಕಟ್ಟುವ ರೂಢಿ ಬೆಳೆಯಿತು.

ಆಟ ಹರಡಿದ್ದಕ್ಕೆ ಅರ್ಧ ಶ್ರೇಯಸ್ಸು ಒಂದು ಯಂತ್ರದ್ದು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಗಿರಣಿಯಲ್ಲಿ ಬಟ್ಟೆಯ ಜುಂಗು ಕತ್ತರಿಸುವ ಯಂತ್ರ ನೋಡಿ ಅವನಿಗೆ ಹೊಳೆದದ್ದು ಅದು. ಅಲ್ಲಿಯವರೆಗೆ ಹುಲ್ಲು ಮಟ್ಟ ಮಾಡುವ ಕೆಲಸ ಕುಡುಗೋಲಿನದು, ಇಲ್ಲವೇ ಕುರಿಗಳದು. ನಿಯಮಗಳನ್ನು ಒಪ್ಪವಾಗಿ ಬರೆದಿಟ್ಟವರು ಸ್ಕಾಟ್ಲೆಂಡಿನ ಗ್ಲಾಸ್ಗೋದ ವಕೀಲ ವಿಲಿಯಂ ಮಿಚೆಲ್, 1840ರ ದಶಕದ ಕೊನೆಯಲ್ಲಿ. ವಕೀಲರಿಲ್ಲದೆ ಯಾವ ಊರಿನಲ್ಲೂ ಸಂಘ ಹುಟ್ಟುವುದಿಲ್ಲವೇನೋ!

ಕ್ರಿಕೆಟ್ ಪ್ರೇಮಿಗಳೇ, ಇದು ನಿಮಗೆ: 1903ರಲ್ಲಿ ಹುಟ್ಟಿದ ಇಂಗ್ಲಿಷ್ ಬೌಲಿಂಗ್ ಸಂಘದ ಮೊದಲ ಅಧ್ಯಕ್ಷರು ಗಡ್ಡದ ಕ್ರಿಕೆಟಿಗ ಡಬ್ಲ್ಯೂ.ಜಿ. ಗ್ರೇಸ್.

ನಮ್ಮ ದೇಶಕ್ಕೆ ಈ ಆಟದಲ್ಲಿ ಕಾಮನ್ವೆಲ್ತ್ ಕ್ರೀಡಾಕೂಟದ ಮೊದಲ ಪದಕ ಬಂದದ್ದು 2022ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ, ಬಂದದ್ದೇ ಚಿನ್ನ. ಆಗಸ್ಟ್ 2ರಂದು ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ಸೇರಿ ದಕ್ಷಿಣ ಆಫ್ರಿಕಾವನ್ನು 17–10ರಿಂದ ಮಣಿಸಿದರು. ಆಗ ಚೌಬೆ ಜಾರ್ಖಂಡ್ ಪೊಲೀಸ್ ಕಾನ್‌ಸ್ಟೇಬಲ್, ಪಿಂಕಿ ದೆಹಲಿಯ ಶಾಲೆಯೊಂದರ ದೈಹಿಕ ಶಿಕ್ಷಕಿ, ಸೈಕಿಯಾ ಅಸ್ಸಾಮಿನ ಅರಣ್ಯ ಇಲಾಖೆಯಲ್ಲಿದ್ದವರು. ಅರಣ್ಯ ಇಲಾಖೆ ಎಂದರೆ ಹುಬ್ಬು ಗಂಟಿಕ್ಕುವ ನಮ್ಮ ಸೀಮೆಯವರು ಇದೊಂದಕ್ಕಾದರೂ ಚಪ್ಪಾಳೆ ತಟ್ಟಬಹುದು.

ಯಲ್ಲಾಪುರ ಸೀಮೆಗೂ ಆಟದ ಯೋಜನೆಯೊಂದು ಬಂದಿತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಕಾಡಂಚಿನ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿಗೆ ಕರೆದೊಯ್ದಿತು. ಪೂರ್ವಿಕರು ಆಫ್ರಿಕಾದವರು, ಆದ್ದರಿಂದ ಓಡಿಯೇ ಓಡುತ್ತಾರೆ ಎಂಬ ಲೆಕ್ಕ. ಲೆಕ್ಕ ಒರಟೇ, ಆದರೂ ಆ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದ ಓಟಗಾರರಾದರು. 1990ರ ದಶಕದಲ್ಲಿ ಯೋಜನೆ ನಿಂತುಹೋಯಿತು, ಬಹಳಷ್ಟು ಮಕ್ಕಳು ಅರ್ಧದಲ್ಲೇ ಊರಿಗೆ ಮರಳಿದರು. ದೆಹಲಿಯಿಂದ ಬಂದದ್ದು ದೆಹಲಿಗೇ ಹೋಯಿತು. ಊರಿನವರದೇ ಷೇರು, ಊರಿನವರದೇ ಸಭೆ ಇದ್ದಿದ್ದರೆ ಇಷ್ಟು ಸಲೀಸಾಗಿ ಬೀಗ ಬೀಳುತ್ತಿರಲಿಲ್ಲ ಎಂಬುದು ನನ್ನ ಅಂಬೋಣ.

ಯಾಕೆಂದರೆ ಸಂಘ ಕಟ್ಟುವುದು ನಮ್ಮವರಿಗೆ ಹೊಸತಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ. ಆದರೆ 1904ರ ಸಹಕಾರ ಕಾಯ್ದೆಯಲ್ಲಿ ಸಂಘಕ್ಕೆ ಸಾಲ ಕೊಡುವ ಅವಕಾಶವಷ್ಟೇ ಇತ್ತು. ಬೆಳೆ ಮಾರುವ ಸಂಘ ಕಟ್ಟಲು 1912ರ ಹೊಸ ಕಾಯ್ದೆ ಬರಬೇಕಾಯಿತು. ಆ ಬಾಗಿಲು ತೆರೆದ ಹನ್ನೊಂದು ವರ್ಷಕ್ಕೆ, 1923ರಲ್ಲಿ, ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ನಮ್ಮ ಟಿಎಸ್‌ಎಸ್ ಹುಟ್ಟಿತು. ಆಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಮದರಾಸಿನಿಂದ ಬಿಡಿಸಿ ಅಲ್ಲಿಗೆ ಸೇರಿಸಿದ್ದರು. ಸ್ಥಾಪಕರೆಂದರೆ ಮೊದಲು ನೆನಪಾಗುವ ಹೆಸರು ಶ್ರೀಪಾದ ಹೆಗಡೆ ಕಡವೆಯವರದು. ಇಂದು ಶಿರಸಿಯಲ್ಲಿ ಅವರ ಹೆಸರಿನ ಆಸ್ಪತ್ರೆಯೇ ಇದೆ.

ಸೊಸೈಟಿಯ ವ್ಯಾಪಾರಿ ಅಂಗಳವನ್ನು ಒಮ್ಮೆ ನೋಡಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು, ಕೋಕಾ ಎಂದು ಬೇರೆ ಬೇರೆ ಗುಪ್ಪೆ. ವ್ಯಾಪಾರಿ ಬಗ್ಗಿ ಒಂದು ಹಿಡಿ ಎತ್ತುತ್ತಾನೆ, ಅಂಗೈಯಲ್ಲಿ ಕುಲುಕುತ್ತಾನೆ, ಒಂದನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾನೆ. ಮುಖದಲ್ಲಿ ಏನೂ ತೋರಗೊಡದೆ ತನ್ನ ದರ ನಮೂದಿಸುತ್ತಾನೆ. ಪಕ್ಕದವನು ಎಷ್ಟು ಹಾಕಿದನೆಂದು ಇವನಿಗೆ ಗೊತ್ತಿಲ್ಲ. ಟೆಂಡರ್ ತೆರೆದಾಗ ಹೆಚ್ಚು ದರ ಹಾಕಿದವನಿಗೆ ಗುಪ್ಪೆ. ಬೆಳೆದವನು ಮನೆಯಲ್ಲಿ ಊಟ ಮುಗಿಸಿ ಮಲಗಿದ್ದರೂ ದರ ಕದಲುವುದಿಲ್ಲ. ದಲಾಲಿ ಅಂಗಡಿಯ ಜಗಲಿಯಲ್ಲಿ ಕೈಕಟ್ಟಿ ಕೂರುತ್ತಿದ್ದ ಕಾಲಕ್ಕೂ ಇದಕ್ಕೂ ಇರುವ ಅಂತರ ಇದೇ.

ಜಿಲ್ಲೆಯ ಸಹಕಾರಿ ಬ್ಯಾಂಕೂ ಶಿರಸಿಯದ್ದೇ. ಜಿಲ್ಲಾ ಕೇಂದ್ರ ಕಾರವಾರ. ಆದರೆ 1920ರಲ್ಲಿ ಹುಟ್ಟಿದ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿ ಶಿರಸಿಯಲ್ಲಿದೆ. ಅಡಿಕೆ ಇದ್ದಲ್ಲಿ ದುಡ್ಡು.

ಚೆಂಡಿನ ಚಪ್ಪಟೆ ಮಗ್ಗುಲಿನ ಮಾತು ಬಂತಲ್ಲ, ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದರಲ್ಲೂ ಚಪ್ಪಟೆತನದ ಪಾಲುಂಟು. ದುಂಡಗಿದ್ದರೂ ನಾಣ್ಯದ ಹಾಗೆ ಚಪ್ಪಟೆಯಾದ ಆಕಾರ, ಒಣಗಿದ ಮೇಲೆ ಸರಾಸರಿ ಏಳೂವರೆ ಗ್ರಾಂ ತೂಕ, 16 ಮಿಲಿಮೀಟರ್ ದಪ್ಪ, ಜೊತೆಗೆ ಬೇರೆಯದೇ ರುಚಿ. ಮಾನ್ಯತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕಿನ ಬೆಳೆಗೆ. ನೋಂದಣಿ ಇರುವುದು ಟಿಎಸ್‌ಎಸ್ ಹೆಸರಿನಲ್ಲಿ. ಅಡಿಕೆಗೆ ಇಂಥ ಮಾನ್ಯತೆ ದೇಶದಲ್ಲಿ ಅದೇ ಮೊದಲು. ಸಿದ್ದಾಪುರದವರು ‘ಹೆಸರು ಮಾತ್ರ ಶಿರಸಿಯದ್ದೇ ಯಾಕೆ?’ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಮತ್ತೆ ಬೌಲ್ಸ್ ಆಟಕ್ಕೆ ಬರೋಣ. ಹುಲ್ಲಿನ ಅಂಗಳಕ್ಕೆ ನಮ್ಮಲ್ಲಿ ನಿಜವಾದ ತೊಡಕು ಮಳೆಯದು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಸುರಿಯುತ್ತದೆ. ಅದಕ್ಕೇ ನಮ್ಮ ಅಂಗಳಕ್ಕೆ ನೀರು ಇಳಿಯಲೆಂದು ಒಂದು ಕಡೆ ಬೇಕೆಂದೇ ಇಳಿಜಾರು ಕೊಡುತ್ತೇವೆ. ಬೌಲ್ಸ್ ಅಂಗಳಕ್ಕೆ ಅದೊಂದೇ ಕೂಡದು.

ಸೌತಾಂಪ್ಟನ್ನಿನವರು 1299 ಎನ್ನುವುದು, ಹೋಬಾರ್ಟಿನವರು 1845 ಎನ್ನುವುದು, ಎಲ್ಲ ಯಾರೋ ಕಾಗದ ಕಾಪಾಡಿದ್ದರಿಂದ. ನಮ್ಮ ಸೊಸೈಟಿ, ಯುವಕ ಸಂಘ, ವಾಲಿಬಾಲ್ ತಂಡ, ಯಕ್ಷಗಾನ ಮಂಡಳಿಗಳ ಹುಟ್ಟು ಠರಾವು ಪುಸ್ತಕದಲ್ಲಿದೆ. ಪುಸ್ತಕ ಯಾರದೋ ಮನೆಯ ಅಟ್ಟದಲ್ಲಿದೆ. ಈ ಸಲ ಅಂಗಳಕ್ಕೆ ಸಗಣಿ ಸಾರಿಸುವ ಹೊತ್ತಿಗೆ ಅಟ್ಟವನ್ನೂ ಒಮ್ಮೆ ಗುಡಿಸಿ. ಹಳೆಯ ಷೇರು ಪತ್ರ, ಸಭೆಯ ನೋಟೀಸು, ವಂತಿಗೆ ಪಾವತಿ ಏನಾದರೂ ಸಿಕ್ಕರೆ ರದ್ದಿಯವನಿಗೆ ಕೊಡಬೇಡಿ. ಬಿಸಿಲಿಗೆ ಹರವಿ, ಗೆದ್ದಲು ಕೊಡವಿ, ಸಂಘದ ಕಪಾಟಿಗೆ ತಲುಪಿಸಿ.